ಬಿಳಿ ಕಲ್ಲು ಬೇಡ

"ಈ ಮನೆ ನಿಲ್ಲಲ್ಲ," ಎಂದಿತು ಬೆನ್ನ ಹಿಂದೆ ಒಂದು ದನಿ.

ನಾನು ತಿರುಗಲಿಲ್ಲ. ಉಚ್‌ಹಿಸಾರ್‌ನ ಕೋಟೆಬಂಡೆಯ ನೆತ್ತಿಯಲ್ಲಿ, ಕಾಡುಗುಲಾಬಿ ಪೊದೆಯ ಬುಡದಲ್ಲಿ ಮಂಡಿಯೂರಿದ್ದೆ. ಹಿದ್ರೆಲ್ಲೆಜ್ ಹಬ್ಬದ ಬೆಳಗ್ಗೆ ನಮ್ಮ ಹೆಂಗಸರು ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಗುಲಾಬಿ ಗಿಡದ ಕೆಳಗೆ ಸಣ್ಣ ಕಲ್ಲುಗಳಲ್ಲಿ ಕಟ್ಟಿಡುತ್ತಾರೆ. ಮಗು ಬೇಕಾದವರು ತೊಟ್ಟಿಲು, ಮದುವೆ ಬೇಕಾದವರು ಮನೆ. ನನಗಾಗ ಇಪ್ಪತ್ತೊಂಬತ್ತು. ಅದು ನಾನು ಕಟ್ಟುತ್ತಿದ್ದ ಏಳನೆಯ ಮನೆ.

"ಬಾಗಿಲೂ ಚಿಕ್ಕದಾಯ್ತು. ಯಾರು ಬರ್ತಾರೆ ಇದರೊಳಗೆ, ಪಾರಿವಾಳಾನಾ?"

"ಬರೋರು ಬಗ್ಗಿ ಬರ್ತಾರೆ," ಎಂದೆ.

ಅವನು ನಕ್ಕ. ನಗು ಒಣಕೆಮ್ಮಿನಲ್ಲಿ ಮುಗಿಯಿತು. ಆಗ ತಿರುಗಿ ನೋಡಿದೆ. ಹುಬ್ಬಿನ ಮೇಲೆ ಕಲ್ಲಿನ ಧೂಳು, ಸೊಂಟದಲ್ಲಿ ಉಳಿ. ಸವೆದ ಕೋಟೆ ಮೆಟ್ಟಿಲುಗಳನ್ನು ಸರಿಮಾಡಲು ಬಂದಿದ್ದ ಕಲ್ಲುಕುಟಿಗ ಮೇಸ್ತ್ರಿ, ಇಲ್ಹಾಮಿ ಉಸ್ತಾ.

"ಮುಟ್ಟಬಹುದಾ?" ಎಂದು ಕೇಳಿ, ಪಕ್ಕದಲ್ಲಿ ಕೂತ. ಗೋಡೆಯನ್ನು ನೆಟ್ಟಗೆ ಮಾಡಿದ. ಆಮೇಲೆ ಬಿಳಿ ಕಲ್ಲುಗಳನ್ನು ಒಂದೊಂದಾಗಿ ಹೊರತೆಗೆದು, ಆ ಜಾಗಕ್ಕೆ ಕಪ್ಪು ಕಲ್ಲು ಹುಡುಕಿ ಇಟ್ಟ.

"ಬಿಳಿಯದು ಚೆಂದ ಇತ್ತಲ್ಲ, ಉಸ್ತಾ?"

"ಇರುತ್ತೆ. ನಿಮ್ಮೂರ ಕಲ್ಲಿನ ತಪ್ಪೇನಿಲ್ಲ. ನನ್ನ ಕೈ ಕೇಳಲ್ಲ, ಅಷ್ಟೆ."

ಅವನು ಎಲ್ಲಿಯವನು ಎಂದು ನನಗೆ ಆಗ ಗೊತ್ತಾಯಿತು.

ಕಣಿವೆಗಳ ಆಚೆ ಒಂದು ಹಳ್ಳಿಯಿತ್ತು. ನಮ್ಮ ಮನೆಗಳಲ್ಲಿ ಅದರ ಹೆಸರು ಹೇಳುತ್ತಿರಲಿಲ್ಲ, 'ಅಲ್ಲಿ' ಎಂದರೆ ಸಾಕಿತ್ತು. ಅಲ್ಲಿಯ ಬಿಳಿ ಕಲ್ಲಿನ ಪುಡಿ ಉಸಿರಿನೊಂದಿಗೆ ಒಳಗಿಳಿದು, ಮೂವತ್ತು ವರ್ಷ ಸುಮ್ಮನಿದ್ದು, ಆಮೇಲೆ ಎದೆಯನ್ನು ತಿನ್ನುತ್ತದೆ ಎಂದು ಅಂಕಾರಾದಿಂದ ಬಂದ ಡಾಕ್ಟರುಗಳು ಹೇಳಿದ್ದರು. ನಮ್ಮವರಿಗೆ ಅರ್ಥವಾದದ್ದು ಇಷ್ಟೇ: ಅಲ್ಲಿಂದ ದ್ರಾಕ್ಷಿ ಕೊಳ್ಳಬಾರದು, ಅಲ್ಲಿಗೆ ಹೆಣ್ಣು ಕೊಡಬಾರದು.

ಬೇಸಿಗೆಯಿಡೀ ಅವನು ಮೆಟ್ಟಿಲುಗಳ ಮೇಲಿದ್ದ. ನಾನು ಮಜ್ಜಿಗೆ ಒಯ್ಯುತ್ತಿದ್ದೆ.

"ಲೋಟ ಬೇಡ, ದುರ್ದಾನೆ ಹಾನಿಮ್. ನನ್ನ ತಗಡಿನ ಮಗ್ಗಿದೆ," ಎಂದ ಮೊದಲ ದಿನ. "ನಾನು ಕುಡಿದ ಲೋಟ ಆಮೇಲೆ ನಿಮ್ಮಮ್ಮ ಒಡೆದು ಹಾಕಬೇಕಾಗುತ್ತೆ. ಚಹಾದಂಗಡಿಯಲ್ಲಿ ಎರಡು ಹೋದವು."

ತಮಾಷೆಯಂತೆಯೇ ಹೇಳಿದ. ಅರ್ಧ ಕುಡಿದು ಕೆಳಗಿಟ್ಟ ಮಗ್ಗನ್ನು ನಾನು ತೆಗೆದುಕೊಂಡೆ. ಅವನ ತುಟಿ ತಾಗಿದ್ದ ಅಂಚಿನಿಂದಲೇ ಉಳಿದದ್ದನ್ನು ಕುಡಿದೆ. ಅವನು ಕಣಿವೆಯ ಕಡೆ ಮುಖ ತಿರುಗಿಸಿದ. ಕಿವಿ ಕೆಂಪಾಗಿದ್ದು ಕಾಣುತ್ತಿತ್ತು.

"ಉಪ್ಪು ಕಮ್ಮಿ," ಎಂದೆ.

"ನನಗೆ ಸರಿ ಇತ್ತು."

"ನಿಮಗೆ ಯಾರು ಏನು ಕೊಟ್ಟರೂ ಸರಿ."

"ಯಾರೂ ಕೊಡಲ್ಲ. ನೀನು ಕೊಟ್ಟೆ."

ಆ 'ನೀನು' ಮನೆಯವರೆಗೂ ನನ್ನ ಜೊತೆ ಬಂತು.

ನಮ್ಮನೆಗೆ ಬಂದ ಪಕ್ಕದ ಮನೆಯಾಕೆ, "ಕೋಟೆ ಮೆಟ್ಟಿಲು ಈ ವರ್ಷ ಮುಗಿಯೋ ಹಾಗಿಲ್ಲ ಬಿಡು. ಒಂದೇ ಮೆಟ್ಟಿಲನ್ನ ಮೂರು ಸಲ ಕಿತ್ತಿಡ್ತಿದ್ದಾನೆ," ಎಂದು ಕಣ್ಣು ಮಿಟುಕಿಸಿದಳು.

ಅಮ್ಮ ನಗಲಿಲ್ಲ. ದ್ರಾಕ್ಷಿ ಎಲೆಗಳಲ್ಲಿ ಅನ್ನ ಸುತ್ತುತ್ತಿದ್ದವಳು, ಆಕೆ ಹೋದ ಮೇಲೆ ಕೇಳಿದಳು: "ಅವರಪ್ಪ, ಅವರಮ್ಮ, ಅವರಣ್ಣ. ಯಾರಾದ್ರೂ ಐವತ್ತು ದಾಟಿದ್ರಾ?"

"ಇಲ್ಲ."

"ಅವನಿಗೆಷ್ಟು?"

"ಮೂವತ್ತೆಂಟು."

"ಮದುವೆ ಬಟ್ಟೆ ಜೊತೆಗೇ ಕಪ್ಪು ಬಟ್ಟೆನೂ ಹೊಲಿಸಿಬಿಡ್ಲಾ?" ಎಂದಳು. ಅವಳು ಸುತ್ತುತ್ತಿದ್ದ ಎಲೆ ಹರಿಯಿತು.

ಅಕ್ಟೋಬರಿನಲ್ಲಿ, ನಾನು ತೋಟದಲ್ಲಿ ಕೊನೆಯ ದ್ರಾಕ್ಷಿ ಕೊಯ್ಯುತ್ತಿದ್ದಾಗ ಅವನು ಬಂದ. ಬೇಲಿಯ ಹೊರಗೇ ನಿಂತ.

"ಎಕ್ಸ್‌ರೇ ತೆಗೆದ್ರು. ಎದೆಯ ಎಡಗಡೆ ನೀರು ತುಂಬಿದೆಯಂತೆ. ಒಂದು ವರ್ಷ ಅಂದ್ರು, ಜಾಸ್ತಿ ಅಂದ್ರೆ." ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಮೆಟ್ಟಿಲು ಮುಗೀತು. ಹೇಳಿ ಹೋಗೋಣ ಅಂತ ಬಂದೆ."

"ಎಲ್ಲಿಗೆ ಹೋಗೋದು?"

"ಅಲ್ಲಿಗೆ."

ತನ್ನ ಊರನ್ನು ಅವನೂ ನಮ್ಮ ಹಾಗೆಯೇ ಕರೆದದ್ದನ್ನು ನನಗೆ ತಡೆಯಲಾಗಲಿಲ್ಲ. ಬುಟ್ಟಿ ಕೆಳಗಿಟ್ಟೆ.

"ನನ್ನ ಮನೆ ಕಲ್ಲು ಕಿತ್ತವನು ನೀನು. ಈಗ ಹೋಗ್ತೀನಿ ಅಂದ್ರೆ?"

"ದುರ್ದಾನೆ, ಒಂದೇ ವರ್ಷ."

"ಒಂದು ವರ್ಷದಲ್ಲಿ ಎಷ್ಟು ಬೆಳಗ್ಗೆ ಇರುತ್ತೆ ಗೊತ್ತಾ ನಿನಗೆ? ನನಗೆ ಇದುವರೆಗೆ ಒಂದೂ ಸಿಕ್ಕಿಲ್ಲ."

ಅವನು ತಲೆ ತಗ್ಗಿಸಿದ. ಗೇಟು ತಳ್ಳಿದ. ಅದರ ಮೇಲಿನ ಅಡ್ಡದಂಡ ತಗ್ಗಿನಲ್ಲಿತ್ತು. ಒಳಗೆ ಬರುವಾಗ ಬಗ್ಗಲೇಬೇಕಾಯಿತು.

ನವೆಂಬರಿನಲ್ಲಿ ನಿಕಾಹ್ ಆಯಿತು. ಬಂಡೆಯ ಬುಡದಲ್ಲಿ ಒಂದು ಕೋಣೆ ಹಿಡಿದೆವು. ಕಿಟಕಿಯಿಂದ ಅವನ ಮೆಟ್ಟಿಲುಗಳು ಕಾಣುತ್ತಿದ್ದವು. ಅಮ್ಮ ಮದುವೆಗೆ ಬರಲಿಲ್ಲ. ಮರುದಿನ ನಮ್ಮ ಹೊಸ್ತಿಲಲ್ಲಿ ಒಂದು ಜಾಡಿ ದ್ರಾಕ್ಷಿ ಕಾಕಂಬಿ ಇತ್ತು, ಪಕ್ಕದಲ್ಲಿ ಎರಡು ಗಾಜಿನ ಲೋಟ. ಅವನು ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ತಗಡಿನ ಮಗ್ಗು ಅವತ್ತಿನಿಂದ ಮೊಳೆಗೆ ನೇತುಬಿತ್ತು.

ಚಳಿಗಾಲದಲ್ಲಿ ಅವನು ಮಾತು ಕಡಿಮೆ ಮಾಡಿದ. ಮಾತಿಗೂ ಉಸಿರು ಬೇಕಿತ್ತು. ಬಲಗಡೆ ಒರಗಿಸಿದರೆ ಕೂರುತ್ತಿದ್ದ, ಮಲಗಲಾಗುತ್ತಿರಲಿಲ್ಲ. ಬೆನ್ನು ಒರೆಸುವಾಗ ಮೂಳೆಗಳು ನನ್ನ ಅಂಗೈಗೆ ಒಂದೊಂದಾಗಿ ಸಿಗುತ್ತಿದ್ದವು. ಬೆಳಗ್ಗೆ ಎದ್ದ ಕೂಡಲೇ ನಾನು ಮೊದಲು ಅವನ ಎದೆ ಏಳುತ್ತದೆಯೇ ಎಂದು ನೋಡುತ್ತಿದ್ದೆ. ಒಮ್ಮೆ ಕಣ್ಣು ಮುಚ್ಚಿಕೊಂಡೇ ಹೇಳಿದ: "ಇದ್ದೀನಿ. ಚಹಾ ಮಾಡು."

ಮೇ ತಿಂಗಳು ಬಂತು. ಹಬ್ಬದ ದಿನ ಮೆಟ್ಟಿಲು ಹತ್ತುವ ಹೆಂಗಸರ ಸಾಲು ಕಿಟಕಿಯಲ್ಲಿ ಕಂಡಿತು.

"ನೀನು ಹೋಗು," ಎಂದ.

ಒಬ್ಬಳೇ ಹತ್ತಿದೆ. ಅವನು ಮೂರು ಸಲ ಕಿತ್ತಿಟ್ಟ ಮೆಟ್ಟಿಲು ಯಾವುದೆಂದು ನನ್ನ ಕಾಲಿಗೆ ಗೊತ್ತಿತ್ತು. ಮೇಲೆ ಏನೂ ಕಟ್ಟಲಿಲ್ಲ. ಕಪ್ಪು ಕಲ್ಲುಗಳನ್ನು ಉಡಿಯ ತುಂಬ ಆರಿಸಿಕೊಂಡು ಇಳಿದೆ. ಅವನ ಮಡಿಲ ಮೇಲಿನ ಕಂಬಳಿಯನ್ನು ಬಿಗಿಯಾಗಿ ಎಳೆದು, ಅಲ್ಲೇ ಮನೆ ಕಟ್ಟತೊಡಗಿದೆ. ಕಂಬಳಿ ನೆಲದಷ್ಟೇ ಸಮವಾಗಿತ್ತು.

ಅವನು ಒಂದೊಂದು ಕಲ್ಲನ್ನೂ ಪರೀಕ್ಷಿಸಿದ.

"ಗೋಡೆ ಪರವಾಗಿಲ್ಲ. ಬಿಳಿ ಒಂದೂ ಇಲ್ಲ."

"ಆರಿಸಿ ತಂದೆ."

"ಬಾಗಿಲು?"

"ಇಟ್ಟಿಲ್ಲ."

"ನಾನು ಹೊರಗೆ ಹೋಗೋದು ಹೇಗೆ?"

"ಅದಕ್ಕೇ ಇಟ್ಟಿಲ್ಲ."

ಅವನು ನಕ್ಕ. ಈ ಸಲ ಕೆಮ್ಮು ಬರಲಿಲ್ಲ, ಕೆಮ್ಮುವಷ್ಟು ಉಸಿರು ಉಳಿದಿರಲಿಲ್ಲ. ತೋರುಬೆರಳು ಚಾಚಿ, ಕಣಿವೆಯ ಕಡೆಯ ಗೋಡೆಯಿಂದ ಒಂದೇ ಒಂದು ಕಲ್ಲನ್ನು ಮೆಲ್ಲಗೆ ಈಚೆ ಎಳೆದ. ಮೇಲಿನ ಸಾಲು ಅಲುಗಲಿಲ್ಲ.

"ತುಂಬಾ ಚಿಕ್ಕದಾಯ್ತು," ಎಂದೆ.

"ಬಗ್ಗಿ ಹೋಗ್ತೀನಿ," ಎಂದ.