ರೇಡಿಯೋ ಆರಿಸಿದ ಐದು ಪತ್ತೇದಾರಿ ಪುಸ್ತಕಗಳು

ಪೋಸ್ಟ್ ಅಕ್ಕ ಪುಸ್ತಕವನ್ನು ಕೈಗೆತ್ತಿಕೊಂಡಳು.

ಕಪಾಟಿನ ಸಂದಿಯಿಂದ ನೋಡುತ್ತಿದ್ದ ರೇಡಿಯೋ ಮೂಗನ್ನು ಇನ್ನಷ್ಟು ಒಳಕ್ಕೆ ತೂರಿಸಿದಳು. ಪೋಸ್ಟ್ ಅಕ್ಕ ಲೈಬ್ರರಿಗೆ ದಿನಾ ಬರುತ್ತಾಳೆ, ಟಪಾಲು ಕೊಡುತ್ತಾಳೆ, ಹೋಗುತ್ತಾಳೆ. ಕೂರುವುದಿರಲಿ, ನಿಂತದ್ದನ್ನೂ ಯಾರೂ ನೋಡಿಲ್ಲ. ಇವತ್ತು ಹೆಗಲಿನ ಚೀಲ ಇಳಿಸಿ, ಬಾಗಿಲ ಪಕ್ಕದ ಮೇಜಿನ ಮುಂದೆ ನಿಂತಿದ್ದಾಳೆ. ಪುಸ್ತಕಕ್ಕೆ ಸಿಕ್ಕಿಸಿದ್ದ ಕಾರ್ಡು ಓದುತ್ತಿದ್ದಾಳೆ.

ಕಾರ್ಡಿನಲ್ಲಿ ರೇಡಿಯೋ ನೀಲಿ ಸ್ಕೆಚ್ ಪೆನ್ನಿನಲ್ಲಿ ಹೀಗೆ ಬರೆದಿದ್ದಳು:

"ಪುಸ್ತಕದ ಹೆಸರು: ಐದನೇ ಛತ್ರಿ. ಮಳೆಯಲ್ಲಿ ಒಂದು ಮನೆಗೆ ನಾಲ್ಕು ಜನ ನೆಂಟರು ಬರುತ್ತಾರೆ. ಬಾಗಿಲ ಹತ್ತಿರ ಐದು ಛತ್ರಿ ಇರುತ್ತೆ. ವಜ್ರದ ಉಂಗುರ ಕಳುವಾಗುತ್ತೆ. ಐದನೇ ಛತ್ರಿ ಅಡುಗೆಯವನದು. ಅವನೇ ಕಳ್ಳ. ತುಂಬಾ ಚೆನ್ನಾಗಿದೆ. ತಪ್ಪದೆ ಓದಿ."

"ಓ, ಅಡುಗೆಯವನಾ," ಅಂದಳು ಪೋಸ್ಟ್ ಅಕ್ಕ. ನಕ್ಕಳು. ಪುಸ್ತಕವನ್ನು ಇದ್ದಲ್ಲೇ ಇಟ್ಟು, ಚೀಲ ಏರಿಸಿಕೊಂಡು ಹೊರಟೇ ಹೋದಳು.

ರೇಡಿಯೋಗೆ ಏನೂ ಅರ್ಥವಾಗಲಿಲ್ಲ. ಇಷ್ಟಪಟ್ಟಳಲ್ಲ? ನಕ್ಕಳಲ್ಲ? ಮತ್ತೆ ಯಾಕೆ ತಗೊಂಡು ಹೋಗಲಿಲ್ಲ?

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಮಿಕ್ಕ ಕಡೆಯೆಲ್ಲ ಅವಳು ರೇಡಿಯೋ. ಅವಳ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಅಮ್ಮನ ಹುಟ್ಟುಹಬ್ಬಕ್ಕೆ ಅಪ್ಪ ಗುಟ್ಟಾಗಿ ಕೊಡೆ ತಂದಿಟ್ಟರೆ, "ಅಮ್ಮಾ, ಹಸಿರು ಬಣ್ಣದ್ದು, ಬಟನ್ ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ" ಅಂತ ಅರ್ಧ ಗಂಟೆಯೊಳಗೆ ಪ್ರಸಾರ ಆಗಿಬಿಟ್ಟಿರುತ್ತದೆ.

ಈ ರೇಡಿಯೋಗೆ ಮೊನ್ನೆ ಸೋಮವಾರ ಒಂದು ಕಷ್ಟ ಬಂತು.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಕೆಳಗೆ, ಒಂದು ಗಿಡ್ಡ ಕಪಾಟಿದೆ. ಅದರಲ್ಲಿ ಇಪ್ಪತ್ತನಾಲ್ಕು ಹಳೇ ಪತ್ತೇದಾರಿ ಕಾದಂಬರಿಗಳು. ಎಂದೋ ಬೈಂಡ್ ಮಾಡಿಸುವಾಗ ಬಣ್ಣಬಣ್ಣದ ಮುಖಪುಟಗಳೆಲ್ಲ ಹೋಗಿ, ಎಲ್ಲಕ್ಕೂ ಒಂದೇ ಕಂದು ರಟ್ಟು ಬಂದಿದೆ. ದೂರದಿಂದ ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ. ಇಟ್ಟಿಗೆಯನ್ನು ಯಾರು ಓದುತ್ತಾರೆ?

ರೇಡಿಯೋ ಓದಿದ್ದಳು. ಇಪ್ಪತ್ತನಾಲ್ಕನ್ನೂ. ಮಕ್ಕಳ ಮೆಂಬರ್ ಕಾರ್ಡಿಗೆ ಆ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ. ಅದಕ್ಕೇ ಸ್ಕೂಲು ಬಿಟ್ಟ ಮೇಲೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದಾಗಿ ಮುಗಿಸಿದ್ದಳು.

ಸೋಮವಾರ ಹೋಗಿ ನೋಡಿದರೆ ಲೈಬ್ರರಿ ಮೇಡಂ ಆ ಕಪಾಟನ್ನು ಖಾಲಿ ಮಾಡುತ್ತಿದ್ದಾರೆ.

"ಮೇಡಂ, ಇದೆಲ್ಲ ಎಲ್ಲಿಗೆ?"

"ರದ್ದಿಗೆ," ಅಂದರು ಮೇಡಂ, ಸೀನುತ್ತ. ಒಂದು ಪುಸ್ತಕದ ಕೊನೇ ಹಾಳೆ ತೆಗೆದು ತೋರಿಸಿದರು. ಪುಸ್ತಕ ಮನೆಗೆ ಕೊಡುವಾಗ ತಾರೀಖಿನ ಸೀಲು ಒತ್ತುವ ಚೀಟಿ ಅಲ್ಲಿ ಅಂಟಿತ್ತು. "ನೋಡು. ಐದು ವರ್ಷದಿಂದ ಒಂದು ಸೀಲೂ ಬಿದ್ದಿಲ್ಲ. ಯಾರಿಗೂ ಬೇಡದ್ದು ತೆಗೀಬೇಕು ಅಂತ ರೂಲ್ಸು. ಹೊಸ ಪುಸ್ತಕಕ್ಕೆ ಜಾಗ ಎಲ್ಲಿಂದ ತರಲಿ?"

"ನಾನು ಓದಿದೀನಲ್ಲ ಮೇಡಂ."

"ನೆಲದ ಮೇಲೆ ಕೂತು ಓದಿದ್ರೆ ಸೀಲು ಬೀಳುತ್ತಾ?"

ರೇಡಿಯೋ ಬಾಯಿ ತೆರೆದಳು. ಬಾಯಿ ತೆರೆದರೆ ಮುಚ್ಚಲು ಹೊತ್ತು ಹಿಡಿಯುತ್ತದೆ. ಮೊದಲ ಪುಸ್ತಕದಿಂದ ಶುರು ಮಾಡಿ ಏಳನೆಯದಕ್ಕೆ ಬರುವಷ್ಟರಲ್ಲಿ ಮೇಡಂ ಎರಡೂ ಕೈ ಎತ್ತಿಬಿಟ್ಟರು.

"ಸಾಕು ಮಾರಾಯ್ತಿ. ಒಂದು ಕೆಲಸ ಮಾಡು. ಇದರಲ್ಲಿ ಐದು ಆರಿಸು. ಬಾಗಿಲ ಹತ್ತಿರ ಒಂದು ಮೇಜು ಕೊಡ್ತೀನಿ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ರದ್ದಿ ಅಣ್ಣ ಬರ್ತಾನೆ. ಅಷ್ಟರೊಳಗೆ ಐದಕ್ಕೂ ಸೀಲು ಬಿದ್ರೆ ಇಡೀ ಕಪಾಟು ಉಳಿಯುತ್ತೆ. ಒಂದು ಉಳಿದ್ರೂ ಎಲ್ಲಾ ರದ್ದಿಗೆ. ಮತ್ತೆ, ನಿಮ್ಮ ಮನೆಯವರು ತಗೊಂಡ್ರೆ ಅದು ಸೇರಲ್ಲ."

ಇಪ್ಪತ್ತನಾಲ್ಕರಲ್ಲಿ ಐದು. ರೇಡಿಯೋ ಮಂಗಳವಾರವೆಲ್ಲ ಅದೇ ಕೆಲಸ ಮಾಡಿದಳು. ಎತ್ತಿಡುವುದು, ವಾಪಸ್ ಇಡುವುದು, ಮತ್ತೆ ಎತ್ತುವುದು. ಒಂದರಲ್ಲಿ ಪತ್ತೇದಾರ ಒಳ್ಳೆಯವನು, ಆದರೆ ಮಧ್ಯೆ ಮೂವತ್ತು ಪುಟ ಬರೀ ಕಾಫಿ ಕುಡಿಯುತ್ತಾನೆ. ಇನ್ನೊಂದರಲ್ಲಿ ಕಳ್ಳ ಯಾರೆಂದು ಎರಡನೇ ಪುಟಕ್ಕೇ ಗೊತ್ತಾಗುತ್ತದೆ. ಕೊನೆಗೆ ಉಳಿದವು ಐದು: ಲೈಟ್‌ಹೌಸಿನಲ್ಲಿ ನಡೆಯುವ 'ಆರಿದ ದೀಪ', 'ಒದ್ದೆ ಚಪ್ಪಲಿ', 'ಲಿಫ್ಟ್ ನಿಂತಾಗ', 'ಮೂರು ಬೀಗದ ಪೆಟ್ಟಿಗೆ', ಮತ್ತೆ ಎಲ್ಲಕ್ಕಿಂತ ಇಷ್ಟದ್ದು, 'ಐದನೇ ಛತ್ರಿ'.

ಐದಕ್ಕೂ ಕಾರ್ಡು ಬರೆದು ಬುಧವಾರ ಮೇಜಿನ ಮೇಲೆ ಇಟ್ಟಳು. ಜನ ಬಂದರು, ಓದಿದರು, ನಕ್ಕರು, ಹೋದರು. ಗುರುವಾರ ಸಂಜೆಯಾದರೂ ಒಂದು ಸೀಲೂ ಬೀಳಲಿಲ್ಲ.

ಮನೆಯಲ್ಲಿ ಅಣ್ಣ ಅವಳ ನೋಟ್‌ಬುಕ್ ಕಿತ್ತುಕೊಂಡು, ಕಾರ್ಡಿಗೆ ಬರೆದದ್ದನ್ನೆಲ್ಲ ಜೋರಾಗಿ ಓದಿದ. ಓದುತ್ತ ಓದುತ್ತ ಮಂಚದ ಮೇಲೆ ಬಿದ್ದು ಹೊರಳಾಡಿದ.

"ಲೇ ರೇಡಿಯೋ, 'ಕೊಲೆ ಮಾಡಿದ್ದು ಲಿಫ್ಟ್ ಆಪರೇಟರ್, ಓದಿ ಆನಂದಿಸಿ' ಅಂತ ಬರೆದಿದ್ದೀಯಲ್ಲೇ. ಇನ್ನು ಓದೋಕೆ ಏನು ಉಳೀತು, ಪುಟದ ನಂಬರಾ?"

"ಅದೇ ಅದರಲ್ಲಿ ಚೆನ್ನಾಗಿರೋದು."

"ಅದಕ್ಕೇ ಅದನ್ನ ಹೇಳಬಾರದು. ಇದು ಶಿಫಾರಸು ಅಲ್ಲ ಕಣೇ, ಚಾಡಿ. ಐದೂ ಪುಸ್ತಕದ ಮೇಲೆ ಚಾಡಿ ಹೇಳಿ ಬಂದಿದ್ದೀಯ."

ರೇಡಿಯೋಳ ಮುಖ ಬಿಸಿಯಾಯಿತು. ಪೋಸ್ಟ್ ಅಕ್ಕನ ನಗು ಈಗ ಅರ್ಥವಾಯಿತು. ಅಷ್ಟು ಜನ ಬಂದು, ಓದಿ, ನಕ್ಕು ಹೋದದ್ದೂ ಅರ್ಥವಾಯಿತು. ಪುಸ್ತಕಗಳನ್ನು ಯಾರೋ ರದ್ದಿಗೆ ಹಾಕುತ್ತಿದ್ದಾರೆ ಅಂತ ಜಗಳಕ್ಕೆ ಹೋದವಳು ತಾನು. ಈಗ ತನ್ನ ಕೈಯಾರೆ ಹಾಕಿದ ಹಾಗಾಯಿತಲ್ಲ.

"ಪುಟ್ಟೀ, ಇವತ್ತು ಓದಲ್ವಾ?" ಒಳಗಿಂದ ಅಜ್ಜನ ದನಿ ಬಂತು.

ಅಜ್ಜನದು ಗಡಿಯಾರ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ದಿನವೆಲ್ಲ ಕೂದಲೆಳೆಯಂಥ ಸ್ಕ್ರೂಗಳನ್ನು ನೋಡಿ ಸಂಜೆಗೆ ಕಣ್ಣು ಸೋತಿರುತ್ತದೆ. ಅದಕ್ಕೆ ಮನೆಯಲ್ಲಿರುವ ಹಳೇ ಪತ್ತೇದಾರಿ ಪುಸ್ತಕವೊಂದನ್ನು ರೇಡಿಯೋ ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳುತ್ತಾಳೆ.

ಅವತ್ತು ಅವಳಿಗೆ ಮನಸ್ಸೇ ಇರಲಿಲ್ಲ. ಗೊಣಗೊಣ ಓದಿದಳು. "ಇನ್‌ಸ್ಪೆಕ್ಟರ್ ಬೀಗ ಒಡೆದ. ಬಾಗಿಲು ಕಿರ್ ಎಂದು ತೆರೆಯಿತು. ಒಳಗೆ ಕುರ್ಚಿಯ ಮೇಲೆ..."

ಪುಸ್ತಕ ಮುಚ್ಚಿ ಎದ್ದಳು. "ಸಾಕು ಅಜ್ಜ. ನಾಳೆ ಓದ್ತೀನಿ."

"ಕುರ್ಚಿ ಮೇಲೆ ಏನಿತ್ತೇ?"

"ನಾಳೆ."

ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದಾಗ ಹಿಂದೆ ಚಪ್ಪಲಿ ಸದ್ದಾಯಿತು. ಅಜ್ಜ. ಊಟಕ್ಕೆ ನಾಲ್ಕು ಸಲ ಕರೆದರೂ ಕುರ್ಚಿ ಬಿಟ್ಟು ಏಳದ ಅಜ್ಜ. ಒಂದು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನೂ ತೆಗೆಯದೆ ಬಂದಿದ್ದರು.

"ಕುರ್ಚಿ ಮೇಲೆ ಯಾರಾದ್ರೂ ಕೂತಿದ್ರಾ? ಅಷ್ಟು ಹೇಳು ಸಾಕು. ಬರೀ ಹೂಂ ಇಲ್ಲಾ ಊಹೂಂ."

ರೇಡಿಯೋ ಅಜ್ಜನ ದೊಡ್ಡ ಕಣ್ಣನ್ನೂ ಚಿಕ್ಕ ಕಣ್ಣನ್ನೂ ನೋಡಿದಳು. ನೀರಿನ ಲೋಟ ಹಾಗೇ ಕೈಯಲ್ಲಿ ನಿಂತಿತು. ಮರುಕ್ಷಣ ಲೋಟ ಇಟ್ಟು, ಕಾರ್ಡು ಹುಡುಕಲು ಓಡಿದಳು.

"ಅಯ್ಯೋ, ಹೇಳಿ ಹೋಗೇ," ಅಂತ ಅಜ್ಜ ಹಿಂದೆಯೇ ಬಂದರು.

ಶುಕ್ರವಾರ ಮೇಜಿನ ಮೇಲೆ ಹೊಸ ಕಾರ್ಡುಗಳಿದ್ದವು.

'ಒದ್ದೆ ಚಪ್ಪಲಿ'ಗೆ: "ಮೂರು ತಿಂಗಳಿಂದ ಮಳೆ ಇಲ್ಲ. ಊರಿನ ಕೆರೆ ಬತ್ತಿದೆ. ಆದರೆ ಡಾಕ್ಟರ ಮನೆ ಮುಂದೆ ದಿನಾ ಬೆಳಿಗ್ಗೆ ಒಂದು ಜೊತೆ ಒದ್ದೆ ಚಪ್ಪಲಿ."

'ಲಿಫ್ಟ್ ನಿಂತಾಗ'ಗೆ: "ಹತ್ತುವಾಗ ಆರು ಜನ. ಇಳಿಯುವಾಗ ಐದು. ಮಧ್ಯೆ ಬಾಗಿಲು ತೆರೆಯಲೇ ಇಲ್ಲ."

ಅಷ್ಟೇ. ಮುಂದೆ ಒಂದು ಪದ ಬರೆಯಲೂ ರೇಡಿಯೋ ತನ್ನ ಕೈಯನ್ನು ಬಿಟ್ಟಿರಲಿಲ್ಲ. ಬಹಳ ಕಷ್ಟವಾಗಿತ್ತು. ಕೈ ತಾನಾಗಿಯೇ ಓಡಿ ಓಡಿ ಹೋಗುತ್ತಿತ್ತು.

ಪೋಸ್ಟ್ ಅಕ್ಕ ಟಪಾಲು ಕೊಟ್ಟು, ಬಾಗಿಲು ದಾಟಿ, ಎರಡು ಮೆಟ್ಟಿಲು ಇಳಿದು, ವಾಪಸ್ ಬಂದಳು. "ಒದ್ದೆ ಯಾಕೆ?"

ರೇಡಿಯೋ ತುಟಿ ಬಿಗಿಹಿಡಿದು ಭುಜ ಕುಣಿಸಿದಳು.

"ಮೇಡಂ, ಇದಕ್ಕೊಂದು ಸೀಲು ಹಾಕಿ," ಅಂದಳು ಪೋಸ್ಟ್ ಅಕ್ಕ.

ಠಪ್. ಐದು ವರ್ಷದಲ್ಲಿ ಮೊದಲ ಸೀಲು. ಆ ಸದ್ದು ರೇಡಿಯೋಗೆ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಇನ್ನೊಮ್ಮೆ ಹೊಡೆಯಿರಿ ಅನ್ನಬೇಕೆನಿಸಿತು.

ಲಿಫ್ಟನ್ನು ಪಿ.ಟಿ. ಮೇಷ್ಟ್ರು ತೆಗೆದುಕೊಂಡರು. ಲೈಟ್‌ಹೌಸನ್ನು ಪರೀಕ್ಷೆಗೆ ಓದಲು ಬಂದ ಕಾಲೇಜು ಹುಡುಗಿ, "ಬರೀ ಹತ್ತು ಪುಟ, ಆಮೇಲೆ ಕೆಮಿಸ್ಟ್ರಿ" ಅಂತ ತನಗೆ ತಾನೇ ಹೇಳಿಕೊಂಡು ಒಯ್ದಳು. ಶನಿವಾರ ಹನ್ನೆರಡಕ್ಕೆ ಮೂರು ಬೀಗದ ಪೆಟ್ಟಿಗೆಯೂ ಹೋಯಿತು.

ಪೋಸ್ಟ್ ಅಕ್ಕ ಅವತ್ತು ಕೆಂಪು ಕಣ್ಣು ಮಾಡಿಕೊಂಡು ಬಂದಿದ್ದಳು. "ನಿದ್ದೆ ಹಾಳು ಮಾಡಿದ್ಯಲ್ಲ ಮರಿ. ಇನ್ನೂ ನಲವತ್ತು ಪುಟ ಇದೆ. ಆ ನರ್ಸ್ ತಾನೇ? ಹೇಳಿಬಿಡು."

ರೇಡಿಯೋ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಮೇಡಂ, ನಿಮ್ಮ ರೇಡಿಯೋ ಕೆಟ್ಟು ಹೋಗಿದೆ," ಅಂದಳು ಪೋಸ್ಟ್ ಅಕ್ಕ.

ಆದರೆ ಮೇಜಿನ ಮೇಲೆ ಇನ್ನೂ ಒಂದು ಉಳಿದಿತ್ತು. 'ಐದನೇ ಛತ್ರಿ'.

ಅದಕ್ಕೂ ಹೊಸ ಕಾರ್ಡು ಬರೆದಿದ್ದಳು. "ನಾಲ್ಕು ಜನ, ಐದು ಛತ್ರಿ." ಯಾರು ಎತ್ತಿದರೂ ಪಕ್ಕದಲ್ಲಿ ಒಬ್ಬರು ನಿಂತು, "ಓ ಅದಾ, ಅಡುಗೆಯವನು" ಅಂದುಬಿಡುತ್ತಿದ್ದರು. ಹಳೇ ಕಾರ್ಡು ಎರಡು ದಿನ ಅಲ್ಲಿತ್ತಲ್ಲ. ಲೈಬ್ರರಿಗೆ ಬರುವ ಪ್ರತಿಯೊಬ್ಬರಿಗೂ ಕಳ್ಳ ಯಾರೆಂದು ಗೊತ್ತಿತ್ತು.

ಹನ್ನೆರಡೂವರೆ. ಹೊರಗೆ ಕೈಗಾಡಿ ನಿಂತ ಸದ್ದು.

ರದ್ದಿ ಅಣ್ಣ ಬೇಗ ಬಂದಿದ್ದ. ದೊಡ್ಡ ಆಳು, ಹೆಗಲ ಮೇಲೆ ಮಡಿಸಿದ ಗೋಣಿಚೀಲಗಳು, ಕೈಯಲ್ಲಿ ತಕ್ಕಡಿ. "ಎಲ್ಲಿ ಮೇಡಂ ಮಾಲು?"

"ಒಂದು ಗಂಟೆ ಅಂದಿದ್ದೆ," ಅಂದರು ಮೇಡಂ, ಗಡಿಯಾರ ನೋಡುತ್ತ. "ಅಲ್ಲಿ ಕೂತ್ಕೋ."

ಅವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ.

ರೇಡಿಯೋ ಹಿಂದಿನ ಕೋಣೆಗೆ ಹೋದಳು. ಹತ್ತೊಂಬತ್ತು ಕಂದು ಪುಸ್ತಕಗಳು ಹಗ್ಗ ಕಟ್ಟಿಸಿಕೊಂಡು ನೆಲದ ಮೇಲಿದ್ದವು. ಅವಳು ಯಾವಾಗಲೂ ಕೂರುವ ಜಾಗದಲ್ಲೇ. ಅಲ್ಲೇ ಪಕ್ಕದಲ್ಲಿ ಕಾಲು ಚಾಚಿ ಕೂತಳು. ಐದನೇ ಛತ್ರಿಯನ್ನು ತಾನು ಎಷ್ಟು ಸಲ ಓದಿದ್ದೆ? ನಾಲ್ಕು ಸಲ. ಕಳ್ಳ ಯಾರೆಂದು ಗೊತ್ತಿದ್ದೂ ಮೂರು ಸಲ.

ಯಾಕೆ?

ಅವಳು ಎದ್ದಳು. ಜೇಬಿನಿಂದ ಸ್ಕೆಚ್ ಪೆನ್ನು ತೆಗೆದಳು. ಮೇಡಂ ಹತ್ತಿರ ಒಂದು ಕಾರ್ಡು ಇಸಕೊಂಡು, ನಿಂತಲ್ಲೇ ಬರೆದಳು:

"ಐದನೇ ಛತ್ರಿ. ಕಳ್ಳ ಅಡುಗೆಯವನು. ಇದು ಎಲ್ಲರಿಗೂ ಗೊತ್ತು. ಅವನು ಸಿಕ್ಕಿಬೀಳಲಿಲ್ಲ. ಯಾರಿಗೂ ಅನುಮಾನವೂ ಬಂದಿರಲಿಲ್ಲ. ಆದರೂ ಮೂರನೇ ದಿನ ಉಂಗುರವನ್ನು ತಾನೇ ಹೋಗಿ ವಾಪಸ್ ಇಟ್ಟ."

ಪುಸ್ತಕಕ್ಕೆ ಸಿಕ್ಕಿಸಿ ಸುಮ್ಮನೆ ಪಕ್ಕಕ್ಕೆ ನಿಂತಳು.

ಹನ್ನೆರಡೂ ಮುಕ್ಕಾಲು. ಇಬ್ಬರು ಪೇಪರ್ ಓದಿ ಎದ್ದು ಹೋದರು. ಹನ್ನೆರಡೂ ಐವತ್ತು. ಯಾರೂ ಬರಲಿಲ್ಲ. ಮೇಡಂ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. ಯಾವತ್ತೂ ಅಷ್ಟು ನಿಧಾನವಾಗಿ ಮುಚ್ಚಿದವರಲ್ಲ.

"ಯಾಕೆ ಇಟ್ಟ?"

ರೇಡಿಯೋ ತಿರುಗಿ ನೋಡಿದಳು. ರದ್ದಿ ಅಣ್ಣ ಬೆಂಚಿನಿಂದ ಮುಂದಕ್ಕೆ ಬಾಗಿ ಕಾರ್ಡು ಓದುತ್ತಿದ್ದ.

"ಸಿಕ್ಕಿಬಿದ್ದಿಲ್ಲ ಅಂತೀಯ. ಅನುಮಾನ ಇಲ್ಲ ಅಂತೀಯ. ಮತ್ತೆ ಯಾಕಮ್ಮ ವಾಪಸ್ ಇಟ್ಟ? ತಲೆ ಕೆಟ್ಟಿತ್ತಾ ಅವನಿಗೆ?"

ಉತ್ತರ ರೇಡಿಯೋಳ ನಾಲಿಗೆಯ ತುದಿಗೆ ಬಂದು ನಿಂತಿತು. ಎಷ್ಟು ಒಳ್ಳೆಯ ಉತ್ತರ ಅದು. ಅವಳು ಅದನ್ನು ನುಂಗಿದಳು.

"ಇಲ್ಲ ಅಣ್ಣ. ತಲೆ ಸರಿಯಾಗೇ ಇತ್ತು."

ರದ್ದಿ ಅಣ್ಣ ಪುಸ್ತಕ ಎತ್ತಿಕೊಂಡ. ದಿನಾ ಕಟ್ಟುಕಟ್ಟು ಪುಸ್ತಕ ಎತ್ತುವ ಕೈ. ಇದನ್ನು ಮಾತ್ರ ಹಗುರವಾಗಿ ಹಿಡಿದು ಮೊದಲ ಪುಟ ತೆಗೆದ. ತುಟಿ ಅಲ್ಲಾಡಿಸುತ್ತ ಓದಿದ. ಪುಟ ತಿರುಗಿಸಿದ. ಮತ್ತೊಂದು.

"ಮೇಡಂ, ಇದನ್ನ ಮನೆಗೆ ಕೊಡ್ತೀರಾ?"

"ಮೆಂಬರ್ ಆಗಬೇಕು," ಅಂದರು ಮೇಡಂ. ಆಗಲೇ ಡ್ರಾಯರ್ ಎಳೆದು ಫಾರ್ಮು ಹುಡುಕುತ್ತಿದ್ದರು. "ಇಲ್ಲಿ ವಿಳಾಸ ಬರಿ. ಇಲ್ಲಿ ಸೈನು."

ಒಂದು ಗಂಟೆಗೆ ಎರಡು ನಿಮಿಷವಿತ್ತು. ಠಪ್.

ರೇಡಿಯೋಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಂದಿನ ಕೋಣೆಗೆ ಓಡಿ ಹಗ್ಗ ಬಿಚ್ಚತೊಡಗಿದಳು. ಗಂಟು ಬಿಚ್ಚಲು ಬರದೆ ಹಲ್ಲಿನಿಂದ ಎಳೆದಳು. ಮೇಡಂ ಬಂದು ಕತ್ತರಿ ಕೊಟ್ಟರು. ಇಬ್ಬರೂ ನೆಲದ ಮೇಲೆ ಕೂತು ಹತ್ತೊಂಬತ್ತು ಇಟ್ಟಿಗೆಗಳನ್ನು ಕಪಾಟಿಗೆ ಜೋಡಿಸಿದರು.

"ಮುಂದಿನ ವಾರ ಇದರಲ್ಲಿ ಇನ್ನೈದು ಆರಿಸಿಡು," ಅಂದರು ಮೇಡಂ, ಸೀನುತ್ತ. "ಮೇಜು ನಿಂದೇ."

ಬಾಗಿಲಲ್ಲಿ ರದ್ದಿ ಅಣ್ಣ ಖಾಲಿ ಚೀಲಗಳನ್ನು ಹೆಗಲಿಗೇರಿಸುತ್ತಿದ್ದ. "ಒಂದು ಗಾಡಿ ಮಾಲಿದೆ ಅಂತ ಕರೆಸಿ, ಕೈಗೊಂದು ಪುಸ್ತಕ ಕೊಟ್ಟು ಕಳಿಸ್ತಿದ್ದಾರೆ. ಒಳ್ಳೇ ವ್ಯಾಪಾರ," ಅನ್ನುತ್ತ ನಕ್ಕು ಮೆಟ್ಟಿಲಿಳಿದ.

ಮನೆಗೆ ಹೋಗುವ ದಾರಿಯಲ್ಲಿ ರೇಡಿಯೋ ಅರ್ಧ ಓಡಿದಳು, ಅರ್ಧ ಕುಣಿದಳು. ಅಣ್ಣನಿಗೆ ಹೇಳಬೇಕು. ಅಜ್ಜನಿಗೆ ಹೇಳಬೇಕು. ಅಜ್ಜನಿಗೆ ಇವತ್ತಾದರೂ ಕುರ್ಚಿಯ ಮೇಲೆ ಏನಿತ್ತು ಅಂತ ಓದಿ ಹೇಳಬೇಕು.

ತಿರುವಿನಲ್ಲಿ, ಮರದ ನೆರಳಿನಲ್ಲಿ, ಆ ಕೈಗಾಡಿ ನಿಂತಿತ್ತು. ರದ್ದಿ ಅಣ್ಣ ಖಾಲಿ ಚೀಲಗಳ ಮೇಲೆ ಕಾಲು ಚಾಚಿ ಕೂತಿದ್ದ, ಥೇಟ್ ರೇಡಿಯೋ ಕೂರುವ ಹಾಗೆ. ಮಡಿಲಲ್ಲಿ ಕಂದು ಪುಸ್ತಕ. ಅವನ ಹುಬ್ಬು ಗಂಟಿಕ್ಕಿತ್ತು. ಈಗ ಬಹುಶಃ ಕಥೆಯಲ್ಲಿ ಮೂರನೇ ನೆಂಟ ಒಳಗೆ ಬರುತ್ತಿದ್ದಾನೆ. "ಆ ನೆಂಟನ ಕೈಚೀಲ ನೋಡಿ ಅಣ್ಣ, ಅದರ ಮೇಲೆ ಕಣ್ಣಿಡಿ," ಅಂತ ಕೂಗಲು ರೇಡಿಯೋ ಬಾಯಿ ತೆರೆದಳು.

ತೆರೆದ ಬಾಯಿಯನ್ನು ಮುಚ್ಚಿದಳು.

ಚಪ್ಪಲಿ ಸದ್ದಾಗದ ಹಾಗೆ ರಸ್ತೆಯ ಆ ಕಡೆಗೆ ದಾಟಿ, ತುದಿಗಾಲಿನಲ್ಲಿ ಅವನನ್ನು ಹಾದು ಹೋದಳು. ಬಾಯಿತುಂಬ ಸಕ್ಕರೆ ಇಟ್ಟುಕೊಂಡವಳ ಹಾಗೆ.