ಇಪ್ಪತ್ತೆಂಟು ಕೀಲು, ಒಂದು ಅಂಗೈ

ಕೀಲು ಎಣಿಸುವುದು ಅವಳ ಕೆಲಸ. ಸಂಧಿವಾತದ ಹೊಸ ಔಷಧಿಯ ಪ್ರಯೋಗಕ್ಕೆ ಸೇರಿದವರ ಇಪ್ಪತ್ತೆಂಟು ಕೀಲುಗಳನ್ನು ಒಂದೊಂದಾಗಿ ಒತ್ತಿ, "ನೋವಿದೆಯಾ?" ಎಂದು ಕೇಳಿ, ಹಾಳೆಯಲ್ಲಿ ಗುರುತು ಹಾಕಬೇಕು. ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಸಕ್ಕರೆ ಮಾತ್ರೆ ಎಂಬುದು ಅವಳಿಗೂ ಗೊತ್ತಾಗಬಾರದು. ಅದಕ್ಕೇ ಬೇರೆ ಮಾತು ಆಡುವಂತಿಲ್ಲ. ಹುಟ್ಟು ಕುತೂಹಲದ ಹೆಣ್ಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ?

ಅದರಲ್ಲೂ ಆ ಕನ್ನಡಕದಂಗಡಿಯವನು ಬಂದಾಗ.

"ನಿಮ್ಮ ಎಡಗಣ್ಣಿನ ನಂಬರ್ ಬದಲಾಗಿದೆ ಕಣ್ರೀ. ನನ್ನನ್ನ ನೋಡೋವಾಗ ಕಣ್ಣು ಕಿರಿದು ಮಾಡ್ತೀರ."

"ನೋವಿದೆಯಾ?"

"ಬೆರಳಲ್ಲಿದೆ. ನೀವು ಮಾತಾಡ್ತಿಲ್ಲ ಅಂತ ಇನ್ನೂ ಜಾಸ್ತಿ ಇದೆ. ಹಾಗೇ ಬರ್ಕೊಳ್ಳಿ."

ಅವಳು ತುಟಿ ಕಚ್ಚಿ ನಗು ನುಂಗಿದಳು. ಅದನ್ನೂ ಅವನು ನೋಡಿಬಿಟ್ಟ.

ತಿಂಗಳಿಗೊಂದು ಬುಧವಾರ, ಇಪ್ಪತ್ತೇ ನಿಮಿಷ. ಅವಳ ಪಾಲಿಗೆ ಮಿಕ್ಕ ದಿನಗಳೆಲ್ಲ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಾಲ್ಕನೆಯ ತಿಂಗಳು ಅವನ ಅಂಗೈ ಅವಳ ಬೆರಳಿಗೆ ಹಲಗೆಯ ಹಾಗೆ ಗಟ್ಟಿಯಾಗಿ ತಗುಲಿತು. ಸಣ್ಣ ಸ್ಕ್ರೂ ತಿರುಗಿಸುವವನ ಅಂಗೈ ಹೀಗೇಕಾಗಬೇಕು? ಮೊದಲ ತಿಂಗಳು ಮೆತ್ತಗಿತ್ತಲ್ಲ! ಹಾಳೆಯಲ್ಲಿ ಅಂಗೈಗೆ ಜಾಗವೇ ಇರಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ದಪ್ಪ ಪುಸ್ತಕ ತಿರುವಿದಾಗ ಒಂದು ಸಾಲು ಸಿಕ್ಕಿತು: ಅಪರೂಪಕ್ಕೆ, ಹೊಟ್ಟೆಯೊಳಗೆ ಅಡಗಿದ ಗಡ್ಡೆಯೂ ಕೀಲು ಊದಿಸಿ ಅಂಗೈ ಗಟ್ಟಿ ಮಾಡುತ್ತದೆ.

ಹೇಳಿದರೆ ಅವನು ಪ್ರಯೋಗದಿಂದ ಹೊರಗೆ. ಎರಡು ವರ್ಷ ಕಾದು ಸಿಕ್ಕಿದ ಜಾಗ ಅದು. ಅವಳ ಬುಧವಾರವೂ ಹೋದಂತೆ. ಹೇಳದಿದ್ದರೆ? ಅವಳು ಎದ್ದು ದೊಡ್ಡ ಡಾಕ್ಟರ ಬಾಗಿಲು ತಟ್ಟಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ," ಎಂದರು ಡಾಕ್ಟರು, ಎಲ್ಲ ಕೇಳಿ. "ಈ ಅಂಗೈಗೆ ಬೇಕಮ್ಮ. ಹೊಟ್ಟೆ ಸ್ಕ್ಯಾನ್ ಮಾಡಿಸೋಣ."

ಮರುದಿನ ಅವನು ಅವಳ ಕೋಣೆಯ ಬಾಗಿಲಲ್ಲಿ ಮುಖ ಗಂಟಿಕ್ಕಿ ನಿಂತಿದ್ದ. "ನನ್ನ ಹೆಸರು ತೆಗೆದುಬಿಟ್ರಂತೆ. ನನ್ನ ಮಾತು ಹಿಡಿಸದಿದ್ರೆ ನನಗೇ ಹೇಳಬಹುದಿತ್ತಲ್ರೀ. ದೂರು ಕೊಡಬೇಕಿತ್ತಾ?"

ಗಡ್ಡೆಯ ವಿಷಯವನ್ನು ಡಾಕ್ಟರೇ ಹೇಳಬೇಕು, ಅದೂ ಸ್ಕ್ಯಾನ್ ಆದ ಮೇಲೆ. ಅವಳು ತಲೆ ತಗ್ಗಿಸಿ ಹಾಳೆ ಜೋಡಿಸಿದಳು. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತಳು.

ಗಡ್ಡೆ ಇತ್ತು. ಮೇದೋಜೀರಕದ ತುದಿಯಲ್ಲಿ, ದ್ರಾಕ್ಷಿಯಷ್ಟು. ಡಾಕ್ಟರು ತಮ್ಮ ಸರ್ವೀಸಿನಲ್ಲಿ ಕಂಡ ಅಂಥ ಎರಡನೆಯ ಗಡ್ಡೆ. ಆಪರೇಷನ್ ಆಯಿತು. ಮೂರು ತಿಂಗಳ ಮೇಲೆ ಅವನು ಸೊರಗಿದ ಮುಖ ಹೊತ್ತು ಬಂದ.

"ಡಾಕ್ಟರು ಎಲ್ಲ ಹೇಳಿದ್ರು. ತಪ್ಪು ತಿಳ್ಕೊಂಡುಬಿಟ್ಟೆ. ಈಗಲಾದ್ರೂ ಮಾತಾಡಬಹುದಾ?"

ಕಟ್ಟೆ ಒಡೆಯಿತು. "ಗಾಯ ಎಷ್ಟುದ್ದ ಇದೆ? ಊಟ ಸೇರುತ್ತಾ? ಬೆರಳು ಮಡಚೋಕಾಗುತ್ತಾ? ಮನೇಲಿ ಯಾರ್ಯಾರಿದಾರೆ?"

"ಗೇಣುದ್ದ. ಸೇರುತ್ತೆ. ಆಗುತ್ತೆ. ಅಕ್ಕ ಇದಾಳೆ, ಹೆಂಡತಿ ಇಲ್ಲ. ಅದನ್ನೇ ತಾನೇ ನೀವು ಕೇಳಿದ್ದು?"

ಅವಳ ಮುಖ ಕೆಂಪಾಯಿತು. ಅವನು ನಗು ನಿಲ್ಲಿಸಿ ಹೇಳಿದ.

"ನಾಲ್ಕು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ. ಮತ್ತೆ ಬಂದರೂ ಬರಬಹುದು ಅಂದಿದಾರೆ. ಅದಕ್ಕೇ, ನೀವು ನನಗೆ ಬೇಕು ಅಂತ ಹೇಳೋಕೆ ಧೈರ್ಯ ಸಾಲ್ತಿಲ್ಲ."

"ಹೇಳಿಬಿಟ್ರಲ್ಲ," ಎಂದಳು. "ಸ್ಕ್ಯಾನ್ ಯಾವತ್ತು?"

"ಬರೋ ತಿಂಗಳು ಹದಿನಾಲ್ಕಕ್ಕೆ."

ಅವಳು ರಜೆ ಅರ್ಜಿ ತೆಗೆದು ಅವನೆದುರೇ ತುಂಬತೊಡಗಿದಳು. 'ಕಾರಣ' ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ದುಂಡಗೆ ಬರೆದಳು: 'ನಮ್ಮ ಮನೆಯವರ ಸ್ಕ್ಯಾನ್.'

ಎದುರಿನಿಂದ ತಲೆಕೆಳಗಾಗಿ ಕಾಣುತ್ತಿದ್ದ ಆ ಅಕ್ಷರಗಳನ್ನು ಅವನು ಎರಡು ಸಲ ಓದಿದ. ಆಮೇಲೆ ಆ ಮಾತಿನ ಮಲ್ಲ ತನ್ನ ಅಂಗೈಯನ್ನು ಅವಳ ಮುಂದೆ ಚಾಚಿದ.