ನೀಲಿಗೆ ದಾಟದ ಉಂಗುರ

“ಎದುರಿನ ಗಾಜಿಗೆ ಲೋಹ ಮೆತ್ತಿಸಿ ಹಾಳು ಮಾಡಿದೆಯಲ್ಲ, ನಾಚಿಕೆ ಉಂಟಾ ನಿನಗೆ?” ಪ್ರೊಫೆಸರ್ ಲಿಯೋನೆಲ್ ಮೇಜು ಗುದ್ದಿದರು.

“ನಾನು ಮಾಡಿಲ್ಲ!” ಸಂಶೋಧನಾ ವಿದ್ಯಾರ್ಥಿನಿ ಯಶ್ಮಿತಾ ಅಷ್ಟೇ ಜೋರಾಗಿ ಕಿರುಚಿದಳು. “ಹೀಟರ್ ಹಾಕಿಯೇ ಹೋಗಿದ್ದೆ.”

“ಬೆಳಿಗ್ಗೆ ನೋಡಿದರೆ ಆರಿತ್ತು! ನಿನ್ನ ಊರು ಕುಕ್ಕುಂದೂರಿನ ತೋಟದ ಪಂಪು ಅಂದುಕೊಂಡೆಯಾ ಇದನ್ನು? ಇವತ್ತೇ ನಿನ್ನ ಹೆಸರು ತೆಗೆಸುತ್ತೇನೆ.”

ಬಾಗಿಲಲ್ಲಿ ಸಬ್ ಇನ್ಸ್‌ಪೆಕ್ಟರ್ ಮನೋರಮಾ ನಿಂತಿದ್ದರು. ಮಣಿಪಾಲದ ಆ ಪ್ರಯೋಗಾಲಯಕ್ಕೆ ಅವರನ್ನು ಕರೆಸಿದ್ದು ಪ್ರೊಫೆಸರರೇ.

“ಜಗಳ ಆಮೇಲೆ. ಹಾಳಾದದ್ದು ಎಂತ?”

ಇನ್ನೊಬ್ಬ ವಿದ್ಯಾರ್ಥಿ, ಕಾಪುವಿನ ಡೆನ್ವರ್, ಕಪ್ಪು ಪೆಟ್ಟಿಗೆಯೊಂದನ್ನು ತೋರಿಸಿದ. “ಇದರೊಳಗೆ ಗಾಜಿನ ನಳಿಗೆ ಉಂಟು ಮೇಡಂ. ನಳಿಗೆಯಲ್ಲಿ ರುಬಿಡಿಯಂ ಎಂಬ ಲೋಹದ ಆವಿ. ಕಣ್ಣಿಗೆ ಕಾಣದ ಲೇಸರ್ ಕಿರಣಕ್ಕೆ ಉಂಗುರದ ಹಾಗೆ ಸುರುಳಿ ಆಕಾರ ಕೊಟ್ಟು ಒಳಗೆ ಬಿಡುತ್ತೇವೆ. ಆವಿಯಲ್ಲಿ ಹೊಸದಾಗಿ ಒಂದು ನೀಲಿ ಕಿರಣ, ಕಣ್ಣಿಗೆ ಕಾಣದ ಇನ್ನೊಂದು ಕಿರಣ ಹುಟ್ಟುತ್ತವೆ. ಸುರುಳಿ ಪೂರ್ತಿಯಾಗಿ ಆ ನೀಲಿಗೇ ದಾಟುತ್ತದೆ ಅಂತ ಕಂಡುಹಿಡಿದವಳು ಇವಳು. ಇವತ್ತು ಪರೀಕ್ಷಕರಿಗೆ ತೋರಿಸಬೇಕಿತ್ತು. ಈಗ ಉಂಗುರ ಬಿಡಿ, ನೀಲಿಯೇ ಇಲ್ಲ.”

“ತೋರಿಸದಿದ್ದರೆ?”

“ನನ್ನ ಪಿಎಚ್.ಡಿ. ಹೋಯಿತು,” ಎಂದಳು ಯಶ್ಮಿತಾ.

ಮನೋರಮಾ ತಿರುಗಿದರು. “ಪ್ರೊಫೆಸರೇ, ಪೆಟ್ಟಿಗೆ ಬಿಚ್ಚಿ ನೋಡಿದಿರಾ?”

“ಇಲ್ಲ! ಪೊಲೀಸರು ಬರುವ ಮೊದಲು ಮುಟ್ಟುವಷ್ಟು ದಡ್ಡನಾ ನಾನು?”

ಡೆನ್ವರ್ ಸ್ಕ್ರೂ ತೆಗೆದ. ನಳಿಗೆಯ ಎದುರಿನ ಗಾಜಿನ ನಟ್ಟನಡುವೆ ಬೆಳ್ಳಿಬಣ್ಣದ ಕಲೆ. ಅದರ ಕೆಳಗೆ, ಒದ್ದೆ ಬಟ್ಟೆಯ ಮೇಲೆ, ಅಭ್ರಕದಂತೆ ಹೊಳೆಯುವ ಚೂರು— ಮೀನಿನ ಹುರುಪೆ.

“ನೋಡಿ!” ಲಿಯೋನೆಲ್ ಹಾರಿದರು. “ಶುಕ್ರವಾರ ಮಲ್ಪೆಯಿಂದ ಐಸಿನಲ್ಲಿ ಬಂಗುಡೆ ಹೊತ್ತು ತರುವವನು ಈ ಡೆನ್ವರನೇ!”

“ತಿನ್ನುವಾಗ ನಾನು ಬೇಕು, ಅಲ್ವಾ ಸಾರ್? ನಿನ್ನೆಯೂ ಮೀನು ವರಾಂಡದಲ್ಲಿಟ್ಟು ಚಹಾಕ್ಕೆ ಹೋಗಿದ್ದೆ. ಐಸ್ ಯಾರು ಬೇಕಾದರೂ ತೆಗೆಯಬಹುದಿತ್ತು.”

“ಹೀಟರ್ ಆರಿದರೆ ಲೋಹ ಎಲ್ಲಿ ಕೂರುತ್ತದೆ?” ಮನೋರಮಾ ಕೇಳಿದರು.

“ನಳಿಗೆಯ ಹಿಂದೆ ಬಾಲದ ಹಾಗಿರುವ ತುದಿಯಲ್ಲಿ,” ಎಂದ ಡೆನ್ವರ್. “ ಮೊದಲು ತಣಿಯುವ ಜಾಗ ಅದು. ಎದುರಿಗೆ ಬರಬೇಕಾದರೆ ಅಲ್ಲಿಗೇ ಐಸ್ ಒತ್ತಬೇಕು.”

“ಅಂದರೆ ಹೀಟರ್ ಆರಿದ್ದನ್ನಷ್ಟೇ ಕಂಡವರು ಎದುರಿನ ಗಾಜನ್ನು ದೂರುವುದಿಲ್ಲ. ಪೆಟ್ಟಿಗೆ ಬಿಚ್ಚದೆ ಈ ಕಲೆ ಕಾಣುವುದೂ ಇಲ್ಲ. ಆದರೆ ನಾನು ಬಾಗಿಲಿಗೆ ಬಂದಾಗ ‘ಎದುರಿನ ಗಾಜಿಗೆ ಲೋಹ’ ಎಂದು ಕಿರುಚುತ್ತಿದ್ದವರು ಯಾರು?— ನೀವು, ಪ್ರೊಫೆಸರೇ!”

ಲಿಯೋನೆಲ್ ಪೆಟ್ಟಿಗೆಯ ಮುಚ್ಚಳ ಎಳೆದು ಮುಚ್ಚಿದರು.

“ಯಾಕೆಂದು ನಾನು ಹೇಳುತ್ತೇನೆ,” ಎಂದಳು ಯಶ್ಮಿತಾ. “ಸುರುಳಿ ಆ ಎರಡೂ ಹೊಸ ಕಿರಣಗಳಿಗೆ ಹಂಚಿಹೋಗುತ್ತದೆ ಅಂತ ಇವರು ಊರೂರಲ್ಲಿ ಭಾಷಣ ಬಿಗಿದಿದ್ದಾರೆ. ಇವತ್ತು ಅದು ಸುಳ್ಳಾಗುತ್ತಿತ್ತು.”

ಲಿಯೋನೆಲ್ ಕೈ ಮುಗಿದರು. “ಹೊಸ ನಳಿಗೆ ತರಿಸೋಣ. ನಿನ್ನ ಹೆಸರೂ ಇರಲಿ. ಕೇಸು ಮಾತ್ರ ಬೇಡ ಮಾರಾಯ್ತಿ...”

“ಇರಲಿಯಾ? ನನ್ನ ಹೆಸರನ್ನು ನೀವು ದಾನ ಕೊಡುವುದಾ?” ಕೊರಳಿನ ಗುರುತಿನ ಚೀಟಿಯನ್ನು ಅವಳು ಅವರ ಮುಂದೆ ಎಸೆದಳು. “ಕೇಸು ಬರೆಯಿರಿ ಮೇಡಂ. ಸಹಿ ಹಾಕಲು ಸ್ಟೇಷನ್ನಿಗೆ ಬರುತ್ತೇನೆ. ಇಲ್ಲಿಗಲ್ಲ.”

ಹೊಸ್ತಿಲಾಚೆ ಚಪ್ಪಲಿ ಮೆಟ್ಟಿದಳು. ಡೆನ್ವರ್ ಕರೆಯುತ್ತ ಗೇಟಿನವರೆಗೆ ಓಡಿದ. ಅವಳು ತಿರುಗಿ ನೋಡದೆ ಊರ ಕಡೆಗೆ ಹೋಗುವ ಕಾರ್ಕಳದ ಬಸ್ಸು ಹತ್ತಿದಳು.

ಹೊಸ ನಳಿಗೆ ಬಂತು. ಅವಳು ಬರಲಿಲ್ಲ.